ಮೂರು ಮೂಲೆಯ ಬೋಲ್ಟು

ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಅನು ಕೈಚೀಲವನ್ನು ಎದೆಗವಚಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಇಬ್ಬರು ಪಿಸುಗುಡುತ್ತಿದ್ದರು. ಒಬ್ಬನ ಪಂಚೆಗೆ ಗದ್ದೆಯ ಕೆಸರು ಮೆತ್ತಿತ್ತು. ಇನ್ನೊಬ್ಬನ ಅಂಗಿಯ ತುಂಬ ವೆಲ್ಡಿಂಗ್ ಕಿಡಿ ಸುಟ್ಟ ತೂತುಗಳು.

“ಹೊಸ ಮಿಷಿನ್ನು ಕಂಡುಹಿಡ್ದೋರಿಗೆ ದುಡ್ಡು ಕೊಡೋ ಸರ್ಕಾರದೋರು ನಾಳೆ ಕ್ಯಾತನಹಳ್ಳಿಗೇ ಬತ್ತಾವ್ರೆ ಕಣ್ಲಾ ಪೀರಾ. ಒಳಗೂ ಬಿಚ್ಚಿ ತೋರ್ಸು ಅಂದ್ರೆ?”

“ಕಬ್ಬಿನ ಗರಿ ಸುಲಿಯೋದ ತೋರ್ಸಾನ, ತಿಮ್ಮರಾಜಣ್ಣ. ಒಳಗ್ಯಾಕೆ?”

“ಫೋಟೋ ಒಡ್ಕಂಡೋಗಿ ದೊಡ್ಡ ಕಂಪ್ನಿಗೆ ಕೊಟ್ಬುಟ್ರೆ?”

“ಫಿಕರ್ ಬ್ಯಾಡ. ಮುಚ್ಚಳಕ್ಕೆ ಮೂರು ಮೂಲೆ ಬೋಲ್ಟ್ ಆಕಿವ್ನಿ. ಅಂಗ್ಡೀಲಿ ಸಿಗೋ ಯಾವ ಸ್ಪ್ಯಾನರೂ ಅದಕ್ಕೆ ಕೂರಲ್ಲ. ನಾನೇ ಒಂದು ಮಾಡ್ಕಂಡಿವ್ನಿ.”

“ಭಲೇ ಕಳ್ಳ ಕಣ್ಲಾ ನೀನು!” ತಿಮ್ಮರಾಜುವಿನ ನಗು ಅರ್ಧಕ್ಕೇ ನಿಂತಿತು. “ಒಂದೇನಾ?”

“ಒಂದೇ.”

“ಎಲ್ಲೈತೆ?”

“ಜೇಬಲ್ಲಿ.”

“ಅಂಗಾದ್ರೆ ನನ್ ಮಿಷಿನ್ನ ನಾನೂ ಬಿಚ್ಚಂಗಿಲ್ಲ ಅನ್ನು.”

“ನಿನ್ ಮಿಷಿನ್ನಾ? ನಮ್ ಮಿಷಿನ್ನಲ್ವಾ ಅಣ್ಣ?”

ಪಾಂಡವಪುರದ ಬಸ್ಸು ಬಂತು. ಖಾಲಿ ಸೀಟುಗಳು ಬೇಕಾದಷ್ಟಿದ್ದರೂ ಇಬ್ಬರೂ ಒಂದೇ ಸೀಟಿಗೆ ಹೋದರು. ಸ್ಪ್ಯಾನರಿದ್ದ ಜೇಬಿನ ಕಡೆಗೇ ತಿಮ್ಮರಾಜು ಒತ್ತಿಕೊಂಡು ಕುಳಿತದ್ದು ಬಸ್ಸು ಹೊರಡುವಾಗ ನಿಲ್ದಾಣದಲ್ಲೇ ಉಳಿದ ಅನುವಿಗೆ ಕಿಟಕಿಯಲ್ಲಿ ಕಂಡಿತು.