ಯಾವಾಗ ಬರ್ತೀರಿ ಸಾರ್?

ವೇದಿಕೆಯ ಮೇಲಿರುವ ಅಧ್ಯಕ್ಷರೇ, ವಕೀಲರ ಸಂಘದ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಲಾಯರಮ್ಮನವರೇ, ಮತ್ತು ಊಟದ ಹೊತ್ತಾದರೂ ಕದಲದೆ ಕೂತಿರುವ ಸಭಿಕರೇ,

ನಾನು ಸೋಫಾ ರಿಪೇರಿ ಮಾಡುವವನು. ಇಷ್ಟು ಜನ ಕರಿಕೋಟಿನವರ ನಡುವೆ ಇವನಿಗೇನು ಕೆಲಸ ಎಂದು ನೀವು ಕೇಳಬಹುದು. ಇದೆ ಸ್ವಾಮಿ. ಲಾಯರಮ್ಮನ ಕೊಠಡಿಯಲ್ಲಿ ಕಕ್ಷಿದಾರರು ಕೂರುವ ಕುರ್ಚಿಗೆ ಹೊಸ ರೆಕ್ಸಿನ್ ಹೊದಿಸಿದವನು ನಾನೇ. ಅದಕ್ಕೂ ಮೊದಲು ಆ ಕುರ್ಚಿಯಲ್ಲಿ ಕೂತು ಅತ್ತವನೂ ನಾನೇ.

ಆಗ ನನಗೆ ಮೂಗಿನ ತುದಿಯಲ್ಲೇ ಕೋಪ. ಅಂಗಡಿ ಮುಂದಿನ ಜಗಳದಲ್ಲಿ ಇನ್ನೊಬ್ಬನ ಮೂಗು ಮುರಿದಿದ್ದೆ. ನ್ಯಾಯಾಲಯ ಕರುಣೆ ತೋರಿಸಿತು: ಜೈಲು ಬೇಡ, ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿ ಊರಲ್ಲೇ ಇರು, ವಾರವಾರ ಅವರನ್ನು ಕಾಣು, ಅವರಿಗೆ ಹೇಳದೆ ಊರು ಬಿಡಬೇಡ. ಕಂಡೆ. ಆ ಕಚೇರಿಯ ಬೆಂಚು ಈಗಲೂ ನೆನಪಾಗುತ್ತದೆ. ಅದರ ಒಂದು ಕಾಲು ಗಿಡ್ಡ; ನಾನೇ ರಟ್ಟು ಮಡಿಸಿ ಇಟ್ಟಿದ್ದೆ.

ಒಂದು ದಿನ ಹೋಗಿ, "ಸಾರ್, ಅಮ್ಮನ ಆಪರೇಷನ್ನಿಗೆ ಪಕ್ಕದ ಊರಿಗೆ ಹೋಗ್ಬೇಕು, ಮುಂದಿನ ವಾರ ಇರಲ್ಲ" ಅಂದೆ. ಸಾಹೇಬರ ಕಿವಿಗೆ ಫೋನು ಅಂಟಿಕೊಂಡಿತ್ತು. ತಲೆ ಆಡಿಸಿದರು. ನಾನು ಬಾಗಿಲಲ್ಲಿ ನಿಂತು ಕೈ ಮುಗಿದು, "ಬರ್ತೀನಿ ಸಾರ್" ಅಂದು ಹೊರಟೆ. ಅವರಿಗೆ ಕೇಳಿಸಿದ್ದು ಅದೊಂದೇ! ಬರುತ್ತೇನೆಂದು ಮಾತು ಕೊಟ್ಟು ಪರಾರಿಯಾದ ಎಂದು ವರದಿ ಹೋಯಿತು. "ಬರ್ತೀನಿ ಅಂದಿದ್ದು ನಿಜವಾ?" ಎಂದು ಕೆಳಗಿನ ಕೋರ್ಟಿನಲ್ಲಿ ಕೇಳಿದರು. ನಿಜ ಅಂದೆ. ಸುಳ್ಳು ಹೇಳಲೇ? ಪ್ರೊಬೇಷನ್ ರದ್ದಾಯಿತು. ಅಪೀಲಿಗೆಂದು ಒಂದಿಷ್ಟು ಗಡುವು ಸಿಕ್ಕಿತು, ಅಲ್ಲೂ ಸೋತರೆ ಜೈಲು. ಮನೆಯಲ್ಲಿ ಅಮ್ಮ ನಾನು ಕೈ ಹಿಡಿದು ಎಬ್ಬಿಸಿದರೆ ಮಾತ್ರ ಏಳುತ್ತಿದ್ದಳು. ಬೇರೆ ಯಾರಿದ್ದರು ಹೇಳಿ?

ಲಾಯರಮ್ಮನ ಮುಂದೆ ಕೂತು, ಹರಿದ ಕುರ್ಚಿಯಿಂದ ಇಣುಕುತ್ತಿದ್ದ ನಾರನ್ನು ಬೆರಳಿನಿಂದ ಒಳಗೆ ತುರುಕುತ್ತಾ ಎಲ್ಲ ಹೇಳಿದೆ. "ಕುರ್ಚಿ ಬಿಡಪ್ಪ. ಹೊರಡ್ತಾ ಏನಂದೆ, ಅದನ್ನ ಹೇಳು" ಅಂದರು. ಹೇಳಿದೆ. ಪುಣ್ಯಾತ್ಗಿತ್ತಿ ನಕ್ಕುಬಿಟ್ಟರು! ಇಲ್ಲಿ ನನ್ನ ಜೀವ ಹೋಗುತ್ತಿದೆ, ಇವರಿಗೆ ನಗು. ನನಗೆ ಮೈಯೆಲ್ಲ ಉರಿದುಹೋಯಿತು.

ಅಪೀಲಿನ ದಿನ ಅಮ್ಮ ಮಂಚದಿಂದಲೇ "ಹೋಗಿ ಬಾ ಮಗ" ಅಂದಳು. ಬರ್ತೀನಿ ಅನ್ನಲು ಬಾಯಿ ಬರಲಿಲ್ಲ. ಆ ಮಾತಿನಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು? ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಹೊರಟೆ.

ಮೇಲಿನ ಕೋರ್ಟಿಗೆ ಸಾಹೇಬರನ್ನೂ ಕರೆಸಿದ್ದರು. ಅವರು ತಮ್ಮ ವರದಿಯನ್ನೇ ಗಟ್ಟಿಯಾಗಿ ಒಪ್ಪಿಸಿದರು. ನ್ಯಾಯಾಧೀಶರು "ಸರಿ, ನೀವಿನ್ನು ಹೊರಡಬಹುದು" ಅಂದರು. ಸಾಹೇಬರು ಕೈ ಮುಗಿದು, "ಬರ್ತೀನಿ ಸ್ವಾಮಿ" ಅಂದು ಬಾಗಿಲ ಕಡೆ ತಿರುಗಿದರು. ಲಾಯರಮ್ಮ ಎದ್ದು ನಿಂತು, ಬಹಳ ವಿನಯದಿಂದ, "ಯಾವಾಗ ಬರ್ತೀರಿ ಸಾರ್?" ಅಂದರು.

ಅಯ್ಯೋ, ಆ ನಗು! ಕೋರ್ಟಿನ ಜವಾನನೂ ಬಾಯಿಗೆ ಕೈ ಅಡ್ಡ ಹಿಡಿದ. ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಹೊರಡುವವನು ಹೇಳುವ ಮಾತನ್ನು ಬರುವ ಭರವಸೆಯೆಂದು ಹಿಡಿಯಲಾಗದು ಎಂದು ಆ ರದ್ದತಿಯನ್ನೇ ರದ್ದು ಮಾಡಿದರು. ಸಾಹೇಬರು ಇಲ್ಲೇ ಮೂರನೇ ಸಾಲಿನಲ್ಲಿದ್ದಾರೆ. ತಿರುಗಿ ನೋಡಬೇಡಿ, ಈಗ ಅವರು ನನ್ನ ಖಾಯಂ ಗಿರಾಕಿ.

ಮನೆಗೆ ಬಂದರೆ ಅಮ್ಮ, ನಾನು ತರಕಾರಿ ತರಲು ಹೋಗಿದ್ದೆನೋ ಎಂಬಂತೆ, "ಬಂದ್ಯಾ?" ಅಂದಳು. ಅಷ್ಟೇ. ಆಮೇಲೆ ಕೆಲವು ವರ್ಷ ಇದ್ದಳು. ಹೊರಡುವಾಗ ಮಾತ್ರ ಬರ್ತೀನಿ ಅನ್ನಲಿಲ್ಲ, ನಿದ್ದೆಯಲ್ಲೇ ಹೋದಳು. ಈಗ ಅಂಗಡಿ ಮುಚ್ಚಿ ಮನೆಗೆ ಹೋದರೆ ಬಂದ್ಯಾ ಅನ್ನುವವರಿಲ್ಲ. ಕ್ಷಮಿಸಿ, ಎಲ್ಲಿಗೋ ಹೋಗಿಬಿಟ್ಟೆ, ಇದು ಲಾಯರಮ್ಮನ ಸಭೆ.

ಲಾಯರಮ್ಮಾ, ನಿನ್ನೆ ಫೋನಿನಲ್ಲಿ "ನಂದು ಮುಗೀತಪ್ಪ, ಇನ್ನು ಹೋಗ್ತೀನಿ" ಅಂದಿರಿ. ಏನು ಮಾತದು? ಯಾರಾದರೂ ಹಾಗನ್ನುತ್ತಾರೆಯೇ, ಅದೂ ನೀವು? ಇಷ್ಟು ಜನರ ಮುಂದೆ ಕೇಳುತ್ತಿದ್ದೇನೆ, ಬರ್ತೀನಿ ಅನ್ನಿ. ಯಾವಾಗ ಅಂತ ನಾವ್ಯಾರೂ ಕೇಳುವುದಿಲ್ಲ.

ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ಎಲ್ಲರಿಗೂ ನಾನು ಋಣಿ. ಇನ್ನು ಬರ್ತೀನಿ. ನಮಸ್ಕಾರ.