ಎರಡನೇ ಸಲ ಕೇಳಿದ ಪ್ರಶ್ನೆ

ನಡುವಿನ ದೊಡ್ಡ ಕುರ್ಚಿಯನ್ನು ತುಂಬಿ ಕುಳಿತಿರುವ ಮೇಲ್ವಿಚಾರಕರಾದ ಬಾಲ್ಡೊಮೆರೊ ಸರ್ ಅವರೇ, ಪಕ್ಕದ ಸಣ್ಣ ಕುರ್ಚಿಯಲ್ಲಿ ಹೇಗೋ ಹಿಡಿಸಿಕೊಂಡಿರುವ ಮುಖ್ಯೋಪಾಧ್ಯಾಯರೇ, ಬಾಸೈ ಊರಿನ ತಾಯಂದಿರೇ, ಬಾಳೆಲೆಯಲ್ಲಿ ಸುತ್ತಿದ ಮೊರೊನ್ ಸಿಹಿ ಯಾವಾಗ ಬರುತ್ತದೆಂದು ಬಾಗಿಲು ನೋಡುತ್ತಿರುವ ಸಭಿಕರೇ,

ಇವತ್ತು ನಿವೃತ್ತಳಾಗುತ್ತಿರುವ ನಾನು ಮೂವತ್ತಾರು ವರ್ಷ ಒಂದನೇ ತರಗತಿಯಲ್ಲೇ ಇದ್ದೆ. ಈ ಊರಿನಲ್ಲಿ ಇಷ್ಟು ಸಲ ಫೇಲಾದವರು ಬೇರೆ ಯಾರಿದ್ದಾರೆ? ಈ ಅವಧಿಯಲ್ಲಿ ಮೇಲಿನವರ ಸಿದ್ಧಾಂತಗಳಲ್ಲಿ ಮಗು ಏನೇನಾಗಲಿಲ್ಲ? ನಾನು ಸೇರಿದಾಗ ಮಗು ಖಾಲಿ ಕೊಡವಾಗಿತ್ತು, ಬೆಂಚುಗಳು ಸಾಲಾಗಿದ್ದವು. ಆಮೇಲೆ ಮಗು ಬಹುಮಾನಕ್ಕೆ ಬಾಲ ಅಲ್ಲಾಡಿಸುವ ಪ್ರಾಣಿಯಾಯಿತು. ಕಾಗದದ ನಕ್ಷತ್ರ ಕತ್ತರಿಸಿದೆ. ಆಮೇಲೆ ಗಿಡವಾಯಿತು, ಬೆಂಚುಗಳು ದುಂಡಗಾದವು. ಸಿದ್ಧಾಂತ ಬದಲಾದಾಗಲೆಲ್ಲ ಬೆಂಚು ಎಳೆದವಳು ನಾನು. ಶಿಕ್ಷಣಶಾಸ್ತ್ರದ ಇಡೀ ಚರಿತ್ರೆ ನನ್ನ ಸೊಂಟದಲ್ಲಿದೆ.

ನಗಿ, ಪರವಾಗಿಲ್ಲ. ನನಗೆ ಮಾತ್ರ ಇವತ್ತು ನಗು ಬರುತ್ತಿಲ್ಲ.

ಈಗ ಮಗು ಮೆಟ್ಟಿಲು ಹತ್ತುತ್ತಿದೆ. ಯಾವ ವಯಸ್ಸಿಗೆ ಯಾವ ಮೆಟ್ಟಿಲು ಎಂಬ ನಕ್ಷೆಯನ್ನು ಬಾಲ್ಡೊಮೆರೊ ಸರ್ ಗೋಡೆಗೆ ಅಂಟಿಸಿದರು. ಹತ್ತಲಾರದವರು ಹಿಂದಿನ ಕೋಣೆಗೆ, 'ನಿಧಾನ ವಿಭಾಗ'ಕ್ಕೆ. ಅಲ್ಲಿಗೆ ಹೋದ ಮಗು ಮರಳಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಕಳೆದ ವಾರ ಪರೀಕ್ಷೆ. ಎರಡು ಲೋಟಗಳಲ್ಲಿ ಸಮನಾಗಿ ನೀರು. ಏಳು ವರ್ಷದ ಪೆರ್ಪೆತುವಾಳನ್ನು ಸರ್ ಕೇಳಿದರು:

"ಯಾವುದ್ರಲ್ಲಿ ಜಾಸ್ತಿ ಇದೆ?"

"ಎರಡೂ ಒಂದೇ ಸರ್."

ಒಂದು ಲೋಟದ ನೀರನ್ನು ಉದ್ದನೆಯ ಸಪೂರ ಲೋಟಕ್ಕೆ ಸುರಿದರು.

"ಈಗ್ ಹೇಳು, ಯಾವುದ್ರಲ್ಲಿ ಜಾಸ್ತಿ?"

ಹುಡುಗಿ ನನ್ನ ಮುಖ ನೋಡಿದಳು. "ಉದ್ದದ್ರಲ್ಲಿ."

ಮುಗಿಯಿತು! ಹೀಗೆ ಒಂಬತ್ತು ಮಕ್ಕಳು ಮೆಟ್ಟಿಲಿಂದ ಉರುಳಿದರು.

ಸಂಜೆ ಅವಳ ಮನೆಗೆ ಹೋದೆ. ಅವಳ ತಾಯಿ, ನನ್ನ ಹಳೆಯ ಶಿಷ್ಯೆ ಎಸ್ಟೆಲಿಟಾ, ಚಾಪೆ ಹೆಣೆಯುತ್ತಿದ್ದಳು. ನಮ್ಮ 'ನಿಧಾನ'ದ ಹುಡುಗಿ ಪಕ್ಕದಲ್ಲಿ ಕೂತು, ಎಳೆ ಎಣಿಸಿ ಎಣಿಸಿ ಚಾಪೆಯಲ್ಲಿ ಹೂವು ಎಬ್ಬಿಸುತ್ತಿದ್ದಳು.

"ಉತ್ತರ ಗೊತ್ತಿತ್ತಲ್ಲೇ, ಯಾಕೆ ಬದಲಾಯಿಸ್ದೆ?"

"ನೀರು ಅಷ್ಟೇ ಇತ್ತು ಮೇಡಂ. ಆದ್ರೆ ಸರ್ ಎರಡ್ನೇ ಸಲ ಕೇಳಿದ್ರಲ್ಲಾ!"

ತಾಯಿ ನಕ್ಕಳು. "ಅವಳನ್ಯಾಕೆ ಗದರ್ತೀರಿ ಮೇಡಂ? ಟೀಚರ್ರು ಮತ್ತೆ ಕೇಳಿದ್ರೆ ಮೊದಲ್ನೇದು ತಪ್ಪು ಅಂತ ನಂಗೆ ಕಲಿಸಿದ್ದು ನೀವೇ. ನಾನೇ ಅವ್ಳಿಗೆ ಹೇಳ್ಕೊಟ್ಟೆ."

ಸಭಿಕರೇ, ನನ್ನ ಪಾಠಗಳಲ್ಲಿ ಎರಡು ತಲೆಮಾರು ದಾಟಿದ್ದು ಇದೊಂದೇ! ಹೌದು, ಸರಿ ಹೇಳಿದವರನ್ನು ನಾನೆಂದೂ ಮತ್ತೆ ಕೇಳಿದವಳಲ್ಲ. ತಪ್ಪಿದವರಿಗೇ ಹುಬ್ಬೇರಿಸಿ "ಇನ್ನೊಂದ್ಸಲ ಹೇಳು" ಎಂದೆ. ಮಕ್ಕಳು ನೀರನ್ನು ಓದಲಿಲ್ಲ, ನನ್ನ ಹುಬ್ಬನ್ನು ಓದಿದರು. ಆ ಹುಬ್ಬಿಗೆ ನಕ್ಷೆಯಲ್ಲಿ ಯಾವ ಮೆಟ್ಟಿಲಿದೆ ಸರ್?

ಆ ಒಂಬತ್ತು ಮಕ್ಕಳನ್ನು ಹಿಂದಿನ ಕೋಣೆಗೆ ಕಳಿಸುವ ಪಟ್ಟಿಗೆ ತರಗತಿ ಶಿಕ್ಷಕಿಯ ಸಹಿ ಬೇಕಂತೆ. ಬೆಳಿಗ್ಗೆ ಸರ್ ಕೇಳಿದರು. ಇಲ್ಲ ಎಂದೆ. ಈಗ ಹಾರ ಹಾಕುವಾಗ ಕಿವಿಯಲ್ಲಿ ಮತ್ತೆ ಕೇಳಿದರು: "ಮೇಡಂ, ಇನ್ನೊಂದ್ಸಲ ಕೇಳ್ತಿದೀನಿ, ಸಹಿ ಹಾಕ್ತೀರಾ?"

ಪೆರ್ಪೆತುವಾ, ಮೂರನೇ ಸಾಲಿನಲ್ಲಿ ಬಾಯಿ ಬಿಟ್ಕೊಂಡು ಕೂತಿದೀಯಲ್ಲ, ನನ್ನ ಮುಖ ನೋಡು ಮಗಳೇ.

ಇಲ್ಲ ಸರ್. ಎರಡನೇ ಸಲವೂ ಇಲ್ಲ.

ಹಾರಕ್ಕೆ ಧನ್ಯವಾದ. ಮೊರೊನ್ ಮಾಡಿದ ತಾಯಂದಿರಿಗೆ ಇನ್ನೂ ದೊಡ್ಡ ಧನ್ಯವಾದ. ಆ ಲೋಟಗಳನ್ನು ತೊಳೆದು ಮೇಜಿನ ಮೇಲಿಟ್ಟಿದ್ದೇನೆ, ಬಾಯಾರಿದವರು ನೀರು ಕುಡಿಯಿರಿ. ನಮಸ್ಕಾರ.