ಕಡಲು ಕಾಣದ ಮನೆ

ಕೈರೋ ನಿಲ್ದಾಣದಲ್ಲಿ ಅಲೆಕ್ಸಾಂಡ್ರಿಯಾ ಟಿಕೆಟ್ಟಿನ ಸಾಲು ತೆವಳುತ್ತಿತ್ತು. ವಜ್ದಿ ಮೇಷ್ಟ್ರ ಮುಂದೆ ನಿಂತಿದ್ದ ಗಂಡ ಹೆಂಡತಿಗೆ ರಜೆಯ ಬಾಡಿಗೆ ಮನೆಯದೇ ಮಾತು. ಮೇಷ್ಟ್ರು ಪೇಪರ್ ಮಡಿಸಿ ಕಿವಿಗೊಟ್ಟರು.

“ಕಡಲು ಕಾಣೋ ಮನೆ ತಾನೇ?”

“ಇಲ್ಲ ಕಣೆ, ಮೂರು ಬೀದಿ ಹಿಂದೆ.”

“ಯಾಕ್ರೀ?”

“ಹೋದ್ವರ್ಷ ಕಡಲ ಎದುರೇ ಹಿಡಿದು ಏನಾಯ್ತು? ಬಾಲ್ಕನಿ ತುಂಬಾ ನೆಂಟರು.”

“ನಿಮ್ಮಕ್ಕನ ಮನೆಯವ್ರೇ ಐದು ಜನ.”

“ನಿನ್ನ ಸೋದರಮಾವನೂ ಇದ್ದ. ಆ ಗೊರಕೆ ಇನ್ನೂ ಕಿವೀಲಿದೆ. ಈ ಸಲ ನಾವಿಬ್ರೇ.”

“ಅತ್ತೆಗೆ ಹೇಳಿದ್ರಾ?”

“ಹೇಳ್ದೆ. ಬೇಜಾರೇ ಮಾಡ್ಕೊಳ್ಳಲಿಲ್ಲ, ಪಾಪ. ಮೀನು ಮಾರ್ಕೆಟ್ಟು ಹತ್ತಿರಾನಾ ಅಂತ ಕೇಳಿದ್ರಷ್ಟೇ.”

“ಹತ್ತಿರಾನಾ?”

“ಪಕ್ಕದಲ್ಲೇ.”

ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಕಿಟಕಿ ಬಂತು. ಅವನು ಎರಡು ಬೆರಳೆತ್ತಿದ. ಅವಳು ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಹೇಳಿದಳು:

“ಒಂಬತ್ತು ಕೊಡಿ ಅಣ್ಣ.”